ಮೊದಲ ತುಂಡು ಉದುರಿದ ಹೆಸರುಗಳು

(ಮನೆಯಲ್ಲಿ ಗಿಡ ಬೆಳೆಸುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಒಂದೆರಡನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ನಾಲ್ಕು ಬಾಟಲಿ ಇವೆ. ಒಂದೊಂದರಲ್ಲೂ ಒಂದು ರೆಂಬೆ. ನೀವು ಒಳಗೆ ಬರುವಾಗ ಇವುಗಳ ಹೆಸರು ಕೇಳಿದ್ದೆ. ಮೊದಲನೆಯದಕ್ಕೆ ಎಲ್ಲರೂ ಕಣಗಿಲೆ ಅಂದಿರಿ. ಎರಡನೆಯದು ಹಳದಿ ಕಣಗಿಲೆ. ಮೂರನೆಯದನ್ನು ಹಿಂದಿನ ಸಾಲಿನವರು ದೇವಕಣಗಿಲೆ ಅಂದರು, ಮುಂದಿನ ಸಾಲಿನವರು ಪ್ಲುಮೇರಿಯಾ ಅಂದರು. ನಾಲ್ಕನೆಯದಕ್ಕೆ ನಿತ್ಯಪುಷ್ಪ ಅಂದವರೇ ಜಾಸ್ತಿ. ಆದರೆ ಒಬ್ಬ ಹಿರಿಯರು ಕಾಶಿ ಕಣಗಿಲೆ ಅಂದರು. ಅಲ್ಲಿಗೆ ನಾಲ್ಕೂ ಕಣಗಿಲೆ ಆಯಿತು.

ಯಾರೂ ತಪ್ಪು ಹೇಳಲಿಲ್ಲ. ಇವತ್ತಿನ ಮಾತು ಶುರುವಾಗುವುದೇ ಅಲ್ಲಿಂದ.

ಹತ್ತಿರ ಬಂದು ನೋಡಿ. ಮೊದಲನೆಯದರ ಎಲೆ ಉದ್ದ, ದಪ್ಪ, ಚರ್ಮದ ಹಾಗೆ ಗಟ್ಟಿ. ಕಡ್ಡಿಯ ಒಂದೇ ಜಾಗದಿಂದ ಮೂರು ಮೂರು ಎಲೆ ಹೊರಟಿವೆ. ಎರಡನೆಯದರ ಎಲೆಯೂ ಉದ್ದವೇ, ಆದರೆ ಸಪೂರ, ಹೊಳಪು ಜಾಸ್ತಿ. ಒಂದೊಂದೇ ಎಲೆ ಕಡ್ಡಿಯನ್ನು ಸುತ್ತುತ್ತಾ ಮೇಲೆ ಹೋಗುತ್ತದೆ. ಹೂವು ಆಲಿಕೆಯ ಹಾಗಿದೆ. ಮೂರನೆಯದರ ಕೊಂಬೆ ಹೆಬ್ಬೆರಳಿಗಿಂತ ದಪ್ಪ. ಅದರ ತುಂಬ ಹಳೆಯ ಎಲೆ ಉದುರಿದ ಗುರುತು. ನಾಲ್ಕನೆಯದು ಮೊಣಕಾಲೆತ್ತರ ಬೆಳೆದರೆ ಹೆಚ್ಚು. ಎದುರುಬದುರು ಎಲೆ, ಎಲೆಯ ನಡುವೆ ಬಿಳಿ ಗೆರೆ, ಐದು ಎಸಳಿನ ಚಪ್ಪಟೆ ಹೂವು.

ನಾಲ್ಕೂ ಬೇರೆ ಬೇರೆ ಗಿಡ. ಸಸ್ಯಶಾಸ್ತ್ರದ ಹೆಸರು ಸಾಲಾಗಿ ಹೇಳಿದರೆ ನೀರಿಯಂ, ಕ್ಯಾಸ್ಕಬೆಲಾ, ಪ್ಲುಮೇರಿಯಾ, ಕ್ಯಾಥರಾಂಥಸ್. ತಮಾಷೆ ಏನು ಅಂದರೆ ನಾಲ್ಕೂ ಒಂದೇ ಕುಟುಂಬದವು. ಎಲ್ಲಾ ಗಿಡವನ್ನೂ ಕಣಗಿಲೆ ಅಂತ ಕೂಗಿದ ಹಳಬರು ಯಾವ ಪುಸ್ತಕವನ್ನೂ ನೋಡಿದವರಲ್ಲ. ಕಡ್ಡಿ ಮುರಿದು ನೋಡಿದ್ದಾರೆ, ಹಾಲು ಬಂದಿದೆ, ಎಸಳುಗಳು ಗಿರಿಗಿಟ್ಲೆಯ ರೆಕ್ಕೆಯ ಹಾಗೆ ಒಂದೇ ಕಡೆಗೆ ವಾಲಿದ್ದು ಕಂಡಿದೆ. ಇದು ಅದರ ನೆಂಟ ಅಂತ ತೀರ್ಮಾನ ಮಾಡಿದ್ದಾರೆ. ಸಸ್ಯಶಾಸ್ತ್ರ ಕೂಡ ಆಮೇಲೆ ಅದನ್ನೇ ಹೇಳಿತು. ಆದ್ದರಿಂದ ಆಡುಮಾತಿನ ಹೆಸರೆಲ್ಲ ಸುಮ್ನೆ ಇಟ್ಟದ್ದು, ಅವಕ್ಕೆ ಬುಡವಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಮೊದಲ ಗಿಡದ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವ ಅಂಶ ಅದರಲ್ಲಿದೆ. ಎರಡನೆಯದರ ಬೀಜ ಅಷ್ಟೇ ಅಪಾಯದ್ದು. ಮೂರನೆಯದರ ಹಾಲು ತಗುಲಿದರೆ ಚರ್ಮ ಉರಿಯಬಹುದು, ಮೊದಲೆರಡರ ಮಟ್ಟಕ್ಕೆ ಹೆದರಬೇಕಾದ್ದಲ್ಲ. ನಾಲ್ಕನೆಯದರ ಕಥೆಯೇ ಬೇರೆ. 1958ರ ಹೊತ್ತಿಗೆ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದರ ಎಲೆಯಿಂದ ವಿನ್‌ಬ್ಲಾಸ್ಟಿನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಅವರು ಹುಡುಕಲು ಹೊರಟದ್ದು ಸಕ್ಕರೆ ಕಾಯಿಲೆಯ ಮದ್ದನ್ನು, ಸಿಕ್ಕಿದ್ದು ಕ್ಯಾನ್ಸರಿನ ಮದ್ದು. ಅಂದರೆ ಒಂದೇ ಹೆಸರಿನ ಕೆಳಗೆ ವಿಷವೂ ಇದೆ, ಔಷಧಿಯ ಕಚ್ಚಾ ವಸ್ತುವೂ ಇದೆ. ಈ ಕೊನೆಯದನ್ನೂ ಮನೆಯಲ್ಲಿ ಕಿತ್ತು ಕಷಾಯ ಮಾಡುವುದು ಬೇಡ. ಆಸ್ಪತ್ರೆಯಲ್ಲಿ ಹನಿ ಲೆಕ್ಕದಲ್ಲಿ ಕೊಡುವ ಬಲವಾದ ಮದ್ದು ಅದು.

ಹಳದಿ, ದೇವ, ಕಾಶಿ. ಗಿಡ ಯಾವುದು ಅಂತ ಹೇಳುವುದು ಹೆಸರಿನ ಈ ಮೊದಲ ತುಂಡು. ಮಾತಾಡುವಾಗ ಮೊದಲು ಉದುರುವುದೂ ಅದೇ. "ನಮ್ಮ ಮನೇಲೂ ಕಣಗಿಲೆ ಇದೆ" ಅಂತೀವಿ, ಅಷ್ಟೇ.

ಮೊದಲ ತುಂಡನ್ನು ಬಿಡದೆ ಹೇಳಿದರೆ ಸಾಕಲ್ವಾ ಅಂತ ನೀವು ಕೇಳಬಹುದು. ಸಾಲದು. ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ದುಂಡುಮಲ್ಲಿಗೆ, ಸೂಜಿಮಲ್ಲಿಗೆ, ಆಕಾಶಮಲ್ಲಿಗೆ, ಸಂಜೆಮಲ್ಲಿಗೆ. ಕೇಳಿದರೆ ನಾಲ್ಕು ಮಂದಿ ಅಕ್ಕತಂಗಿಯರ ಹಾಗಿದೆ. ದುಂಡು ಮತ್ತು ಸೂಜಿ ನಿಜವಾಗಿಯೂ ಮಲ್ಲಿಗೆಯ ಜಾತಿ. ಆಕಾಶಮಲ್ಲಿಗೆ ಎತ್ತರದ ಮರ, ಮಲ್ಲಿಗೆಗೂ ಅದಕ್ಕೂ ಸಂಬಂಧ ಇಲ್ಲ. ಉದ್ದ ಕೊಳವೆಯ ಬಿಳಿ ಹೂವು, ರಾತ್ರಿ ಪರಿಮಳ, ಬೆಳಗ್ಗೆ ನೆಲದ ತುಂಬ ಹೂವು. ಇಷ್ಟು ಕಂಡವರು ಮಲ್ಲಿಗೆ ಅಂದುಬಿಟ್ಟರು. ಸಂಜೆಮಲ್ಲಿಗೆ ಇನ್ನೊಂದು ದಿಕ್ಕಿನದು, ಬೋಗನ್‌ವಿಲ್ಲಾದ ಕುಟುಂಬ. ದುಂಡು ಅಂದಾಗ ಒಳಗಿನ ಒಂದು ಬಗೆ ಅಂತ ಅರ್ಥ. ಸಂಜೆ ಅಂದಾಗ ಮಲ್ಲಿಗೆಯ ಹಾಗೆ ಕಾಣುವ ಬೇರೇನೋ ಅಂತ ಅರ್ಥ. ಎರಡೂ ಹೆಸರಿನ ಕಟ್ಟು ಒಂದೇ. ಕಿವಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಇಂಗ್ಲಿಷಿನಲ್ಲೂ ಅದೇ ಪಾಡು. ಕೇಪ್ ಜಾಸ್ಮಿನ್ ಅಂದರೆ ಗಾರ್ಡೇನಿಯಾ. ಸ್ಟಾರ್ ಜಾಸ್ಮಿನ್ ಕಣಗಿಲೆಯ ಕುಟುಂಬದ ಬಳ್ಳಿ. ಕೆರೊಲಿನಾ ಜೆಸಮಿನ್ ಅಂತ ಹಳದಿ ಹೂವಿನ ಬಳ್ಳಿ ಒಂದಿದೆ, ನೋಡಲು ಬಹಳ ಚೆಂದ, ಬೇರಿನಿಂದ ಮಕರಂದದವರೆಗೆ ವಿಷ. ನೈಟ್ ಜಾಸ್ಮಿನ್ ಅಂತ ನಮ್ಮ ಪಾರಿಜಾತವನ್ನೂ ಕರೆಯುತ್ತಾರೆ, ರಾತ್ರಿರಾಣಿಯನ್ನೂ ಕರೆಯುತ್ತಾರೆ. ಎರಡರಲ್ಲಿ ಪಾರಿಜಾತ ಮಾತ್ರ ಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ರಾತ್ರಿರಾಣಿ ಬದನೆ, ಟೊಮೆಟೊಗಳ ಕುಟುಂಬ.

ಈಗ ಲಿಲ್ಲಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಕ್ಕು ಸಾಕಿದವರು ಯಾರಿದ್ದೀರಿ? ಕೈ ಎತ್ತಿ. ಆರೇಳು ಜನ ಇದ್ದೀರಿ.

ನಿಜವಾದ ಲಿಲ್ಲಿ ಅಂದರೆ ಲಿಲಿಯಂ, ಗೆಡ್ಡೆಯಿಂದ ಬರುವುದು, ಹೂಗುಚ್ಛದಲ್ಲಿ ಇಡುವಂಥದ್ದು. ಡೇ ಲಿಲ್ಲಿ ಅದಲ್ಲ, ಬೇರೆ ಕುಟುಂಬ. ಒಂದು ಹೂವು ಒಂದೇ ದಿನ ಇರುತ್ತದೆ, ಹೆಸರು ಬಂದದ್ದು ಅದರಿಂದ. ಬೇರೆ ಕುಟುಂಬವಾದರೂ ಇವೆರಡೂ ಬೆಕ್ಕಿಗೆ ಒಂದೇ ಥರ ಮಾರಕ. ಎಲೆ ಜಗಿಯಲೇಬೇಕು ಅಂತಿಲ್ಲ. ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಎರಡು ಮೂರು ದಿನದೊಳಗೆ ಕಿಡ್ನಿ ಕೈಕೊಡಬಹುದು. ಶುರುವಿಗೆ ಒಂದೆರಡು ಸಲ ವಾಂತಿ ಮಾಡಿ, ಆಮೇಲೆ ಸುಧಾರಿಸಿದ ಹಾಗೂ ಕಾಣುತ್ತದೆ. ಮೋಸ ಇರುವುದು ಅಲ್ಲೇ.

ಇನ್ನು ಪೀಸ್ ಲಿಲ್ಲಿ. ಮನೆಯೊಳಗೆ ಇಡುವ, ಬಿಳಿ ದೋಣಿಯಂಥ ಹೂವಿನ ಗಿಡ. ಅದು ಕೆಸುವಿನ ಕುಟುಂಬ. ಕೆಸುವಿನ ದಂಟು ಕುಯ್ದರೆ ಕೈ ತುರಿಸುತ್ತದೆ ಅಲ್ವಾ, ಅದೇ ಸೂಜಿಯಂಥ ಹರಳುಗಳು ಇದರಲ್ಲೂ ಇವೆ. ಬೆಕ್ಕು ಕಚ್ಚಿದರೆ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ಕಿಡ್ನಿಗೆ ಏನೂ ಆಗುವುದಿಲ್ಲ. ಕ್ಯಾಲಾ ಲಿಲ್ಲಿಯೂ ಇದೇ ಗುಂಪು. ಲಿಲ್ಲಿ ಆಫ್ ದ ವ್ಯಾಲಿ ಅಂತ ಪುಟ್ಟ ಗಂಟೆಗಳಂಥ ಹೂವು ಬಿಡುವ ಇನ್ನೊಂದಿದೆ. ಅದು ಇವೆರಡೂ ದಾರಿ ಬಿಟ್ಟು ಕಣಗಿಲೆಯ ಹಾಗೆ ಹೃದಯಕ್ಕೇ ಕೈ ಹಾಕುತ್ತದೆ.

ರಾತ್ರಿ ಹತ್ತು ಗಂಟೆಗೆ ಪಶುವೈದ್ಯರಿಗೆ ಫೋನ್ ಮಾಡಿ "ಡಾಕ್ಟ್ರೇ, ಬೆಕ್ಕು ಲಿಲ್ಲಿ ತಿಂದುಬಿಟ್ಟಿದೆ" ಅಂದರೆ ಅವರ ಮೊದಲ ಪ್ರಶ್ನೆ "ಯಾವ ಲಿಲ್ಲಿ?" ಅಂತಲೇ ಇರುತ್ತದೆ. ಒಂದಕ್ಕೆ ಬಾಯಿ ತೊಳೆದು ಕಾದರೆ ಸಾಕು, ಇನ್ನೊಂದಕ್ಕೆ ಆ ಕ್ಷಣವೇ ಹೊರಡಬೇಕು. ಹೆಸರು ಗೊತ್ತಿಲ್ಲದಿದ್ದರೆ ಗಿಡದ ಫೋಟೋ ಕಳಿಸಿ, ಇಲ್ಲವಾದರೆ ಒಂದು ತುಂಡು ಕಿತ್ತುಕೊಂಡೇ ಹೋಗಿ.

ಜೀವಕ್ಕೆ ಅಪಾಯ ಇಲ್ಲದ, ಬರೀ ಮುಖಭಂಗದ ಗೊಂದಲಗಳೂ ಇವೆ. ಒಂದು ನನ್ನದೇ. ನನ್ನ ಹತ್ತಿರ ಗಿಡ ಕೇಳಿಕೊಂಡು ಬರುವ ಹುಡುಗಿ ಒಬ್ಬಳು ಬ್ರಾಹ್ಮಿ ಬೇಕು ಅಂದಳು. ನಮ್ಮ ಮನೆಯಲ್ಲಿ ಬ್ರಾಹ್ಮಿ ಅಂದರೆ ಒಂದೆಲಗ. ಒಂದು ಹಿಡಿ ಬೇರುಸಮೇತ ಕಿತ್ತು, ಒದ್ದೆ ಕಾಗದದಲ್ಲಿ ಸುತ್ತಿ ಕೊಟ್ಟೆ. ಹತ್ತು ದಿನ ಆದ ಮೇಲೆ ಫೋನ್ ಬಂತು.

"ಅಕ್ಕಾ, ನೀವು ಕೊಟ್ಟ ಬ್ರಾಹ್ಮಿ ಕೊಳೆತು ನಾರ್ತಾ ಇದೆ."

"ನೀರು ಜಾಸ್ತಿ ಹಾಕಿದ್ಯಾ?"

"ಜಾಸ್ತಿ ಏನು, ನೀರೊಳಗೇ ಮುಳುಗಿಸಿದ್ದೀನಿ. ಮೀನಿನ ತೊಟ್ಟಿಗೆ ತಾನೇ ತಗೊಂಡಿದ್ದು?"

"ಮೀನಿನ ತೊಟ್ಟಿಗೆ ಅಂತ ನೀನು ಹೇಳಲೇ ಇಲ್ವಲ್ಲೇ!"

"ಬ್ರಾಹ್ಮಿ ಅಂದ್ನಲ್ಲ ಅಕ್ಕಾ..."

ಅವಳಿಗೆ ಬೇಕಾಗಿದ್ದದ್ದು ಬಕೋಪಾ. ಅದಕ್ಕೂ ಬ್ರಾಹ್ಮಿ ಅಂತಲೇ ಹೆಸರು. ಸಣ್ಣ, ದಪ್ಪ, ರಸ ತುಂಬಿದ ಎಲೆಗಳು, ಎದುರುಬದುರು. ನೀರಿನೊಳಗೂ ಬದುಕುತ್ತದೆ, ಅಕ್ವೇರಿಯಂನಲ್ಲಿ ಬೆಳೆಸುತ್ತಾರೆ. ಒಂದೆಲಗದ ಎಲೆ ದುಂಡಗೆ, ಅಂಚು ಹಲ್ಲುಹಲ್ಲು, ಒಂದು ತೊಟ್ಟಿಗೆ ಒಂದೇ ಎಲೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಣ್ಣ ಮಗುವೂ ಬೇರೆ ಅಂತ ಹೇಳೀತು. ಹೆಸರು ಯಾಕೆ ಒಂದಾಯಿತು ಅಂದರೆ ಇಲ್ಲಿ ಯಾರೂ ರೂಪ ನೋಡಲಿಲ್ಲ, ಉಪಯೋಗ ನೋಡಿದರು. ಎರಡನ್ನೂ ಜ್ಞಾಪಕಶಕ್ತಿಗೆ ಒಳ್ಳೆಯದು ಅಂತ ಬಳಸುತ್ತಾ ಬಂದಿದ್ದಾರೆ. ಶಂಖಪುಷ್ಪದ ಕಥೆಯೂ ಹೀಗೇ. ಕೆಲವರಿಗೆ ಅದು ನೀಲಿ ಹೂವಿನ ಬಳ್ಳಿ, ಔಷಧಿಯ ಪುಸ್ತಕ ಓದಿದವರಿಗೆ ನೆಲಕ್ಕೆ ಹಬ್ಬುವ ಬೇರೆಯೇ ಸಣ್ಣ ಗಿಡ.

ಅಶೋಕದ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಕಾಂಪೌಂಡಿನ ಪಕ್ಕ ಸಾಲಾಗಿ, ಕಂಬದ ಹಾಗೆ ನೆಟ್ಟಗೆ ನಿಲ್ಲುವ ಮರವನ್ನು ಎಲ್ಲರೂ ಅಶೋಕ ಅಂತಾರೆ. ಅದು ಸೀತಾಫಲದ ಕುಟುಂಬದ ಮರ. ಹಸಿರು ಹೂವು, ಎಲೆಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ನಿಜವಾದ ಅಶೋಕ ಕೊಂಬೆ ಚಾಚಿ ಹರಡುವ ಮರ. ಕಿತ್ತಳೆ, ಕೆಂಪು ಬಣ್ಣದ ಹೂಗೊಂಚಲು ಕಾಂಡಕ್ಕೇ ಅಂಟಿದ ಹಾಗೆ ಬಿಡುತ್ತದೆ. ಕಂಬದಂಥದ್ದಕ್ಕೆ ಇಂಗ್ಲಿಷಿನಲ್ಲಿ ಸುಳ್ಳು ಅಶೋಕ ಅನ್ನುವ ಅರ್ಥದ ಹೆಸರಿದೆ. ಆ "ಸುಳ್ಳು" ಅನ್ನುವ ಮೊದಲ ತುಂಡು ಎಂದೋ ಉದುರಿ, ಈಗ ನಿಜವಾದ ಅಶೋಕವನ್ನು ತೋರಿಸಿದರೆ ಜನ ಇದ್ಯಾವ ಮರ ಅಂತ ಕೇಳುತ್ತಾರೆ.

ಬ್ರಹ್ಮಕಮಲವೂ ಹಾಗೇ ಆಗಿದೆ. ಕುಂಡದಲ್ಲಿ ಬೆಳೆದು, ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡುವ ಬಿಳಿ ಹೂವಿನ ಗಿಡ ಮೆಕ್ಸಿಕೊ ಕಡೆಯ ಕಳ್ಳಿ. ನಾವು ಎಲೆ ಅಂದುಕೊಂಡಿರುವುದು ಅದರ ಚಪ್ಪಟೆ ಕಾಂಡ. ಇನ್ನೊಂದು ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಸೂರ್ಯಕಾಂತಿಯ ಕುಟುಂಬದ ಗಿಡ. ಎರಡರಲ್ಲಿ ಒಂದೂ ಕಮಲ ಅಲ್ಲ ಬಿಡಿ. ಹಿಮಾಲಯದ ಗಿಡದ ಬಗ್ಗೆ ಎಲ್ಲೋ ಓದಿ, ಚಳಿ ಬೇಕು ಅಂತ ಕುಂಡಕ್ಕೆ ದಿನಾ ಐಸ್ ತುಂಡು ಹಾಕಿದವರೊಬ್ಬರು ನನಗೆ ಗೊತ್ತು. ಪಾಪ, ಆ ಕಳ್ಳಿ ಒಂದು ತಿಂಗಳು ತಡೆದುಕೊಂಡಿತು.

ಮಧ್ಯದಲ್ಲಿ ಒಬ್ಬರು ಕೇಳಿದರು: "ಮೇಡಂ, ಮಾರಿಗೋಲ್ಡ್ ಹಾಕಿದರೆ ಮಣ್ಣಿನ ಹುಳ ಹೋಗುತ್ತೆ ಅಂತಾರೆ. ನಾನು ಪ್ಯಾಕೆಟ್ ತಂದು ಬಿತ್ತಿದೆ. ಏನೂ ಆಗಲಿಲ್ಲ."

ಪ್ಯಾಕೆಟ್ ಮೇಲೆ ಪಾಟ್ ಮಾರಿಗೋಲ್ಡ್ ಅಂತ ಇತ್ತಾ ಅಂತ ಕೇಳಿದೆ. ಇತ್ತಂತೆ. ಅದು ಕ್ಯಾಲೆಂಡುಲಾ. ಚರ್ಮಕ್ಕೆ ಹಚ್ಚುವ ಮುಲಾಮಿನಲ್ಲಿ ಬರುವುದು ಅದೇ. ಬೇರಿಗೆ ಗಂಟು ಕಟ್ಟಿಸುವ ಜಂತುಹುಳುಗಳನ್ನು ತಡೆಯುವ ಗುಣ ಇರುವುದು ಟ್ಯಾಜೆಟಿಸ್‌ಗೆ, ಅಂದರೆ ನಮ್ಮ ಚೆಂಡುಹೂವಿಗೆ. ಅದರ ಬೇರಿನಿಂದ ಬರುವ ಗಂಧಕ ಸೇರಿದ ವಸ್ತು ಆ ಕೆಲಸ ಮಾಡುತ್ತದೆ. ಅದೂ ನಾಲ್ಕು ಗಿಡ ನೆಟ್ಟರೆ ಸಾಲದು, ಮಡಿಯ ತುಂಬ ಒತ್ತಾಗಿ ಕೆಲವು ತಿಂಗಳು ಬೆಳೆಸಬೇಕು. ಚೆಂಡುಹೂವಿನಲ್ಲಿ ಆಫ್ರಿಕನ್, ಫ್ರೆಂಚ್ ಅಂತ ಎರಡು ಬಗೆ ಮಾರುತ್ತಾರೆ. ಎರಡರ ಮೂಲವೂ ಅಮೆರಿಕ ಖಂಡ, ಆಫ್ರಿಕವೂ ಅಲ್ಲ ಫ್ರಾನ್ಸೂ ಅಲ್ಲ. ಇಲ್ಲಿ ಮೊದಲ ತುಂಡು ಇದ್ದೂ ದಾರಿ ತಪ್ಪಿಸುತ್ತದೆ.

ಸರಿ, ಹಾಗಾದರೆ ಬೊಟಾನಿಕಲ್ ಹೆಸರೇ ಗತಿಯಾ?

1753ರಲ್ಲಿ ಸ್ವೀಡನ್ನಿನ ಲಿನೇಯಸ್ ತನಗೆ ಗೊತ್ತಿದ್ದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರು ಕೊಟ್ಟ. ಅದಕ್ಕೆ ಮುಂಚೆ ಪಂಡಿತರು ಗಿಡದ ಹೆಸರು ಅಂತ ಒಂದು ಸಾಲು ವರ್ಣನೆಯನ್ನೇ ಹೇಳುತ್ತಿದ್ದರು. ಎರಡೇ ಪದ ಆದದ್ದು ದೊಡ್ಡ ಉಪಕಾರ. ಆದರೆ ಲಿನೇಯಸ್ ಕೂಡ ಗೊಂದಲಕ್ಕೆ ತನ್ನ ಪಾಲು ಸೇರಿಸಿದ್ದಾನೆ. ಜಿರೇನಿಯಂ ಅನ್ನುವ ಒಂದೇ ಹೆಸರಿನ ಕೆಳಗೆ ಅವನು ಎರಡು ಗುಂಪು ತುಂಬಿದ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಅದರಲ್ಲಿ ಒಂದನ್ನು ಪೆಲಾರ್ಗೋನಿಯಂ ಅಂತ ಬೇರೆ ಮಾಡಿದ. ತೋಟದವರು ಅಷ್ಟರೊಳಗೆ ಹಳೆಯ ಹೆಸರಿಗೆ ಒಗ್ಗಿಹೋಗಿದ್ದರು. ಇನ್ನೂರು ವರ್ಷ ದಾಟಿದರೂ ಕಿಟಕಿಯ ಕುಂಡದ ಪೆಲಾರ್ಗೋನಿಯಂ ಜಿರೇನಿಯಂ ಅಂತಲೇ ಮಾರಾಟ ಆಗುತ್ತಿದೆ. ನಿಜವಾದ ಜಿರೇನಿಯಂಗಳಲ್ಲಿ ಹೆಚ್ಚಿನವು ಹಿಮ ಬಿದ್ದರೂ ಮತ್ತೆ ಚಿಗುರುತ್ತವೆ, ಪೆಲಾರ್ಗೋನಿಯಂ ಹಿಮಕ್ಕೆ ಸತ್ತೇ ಹೋಗುತ್ತದೆ. ಗುರುತು ಸುಲಭ: ಐದೂ ಎಸಳು ಒಂದೇ ಥರ ಇದ್ದರೆ ಜಿರೇನಿಯಂ. ಮೇಲಿನ ಎರಡು ಎಸಳು ಕೆಳಗಿನ ಮೂರಕ್ಕಿಂತ ಬೇರೆ ಆಕಾರ, ಬೇರೆ ಗೆರೆ ಇದ್ದರೆ ಪೆಲಾರ್ಗೋನಿಯಂ. ಗ್ರೀಕಿನಲ್ಲಿ ಒಂದು ಹೆಸರು ಕ್ರೌಂಚದ್ದು, ಇನ್ನೊಂದು ಕೊಕ್ಕರೆಯದ್ದು. ಕಾಯಿ ಕೊಕ್ಕಿನ ಹಾಗಿರುವುದರಿಂದ. ಎರಡು ಉದ್ದ ಕೊಕ್ಕಿನ ಹಕ್ಕಿಗಳನ್ನೇ ಆರಿಸಿದರೆ ಜನ ಗೊಂದಲ ಮಾಡಿಕೊಳ್ಳದೆ ಇನ್ನೇನು?

ನಮ್ಮ ನಾಲ್ಕನೆಯ ಬಾಟಲಿಗೂ ಇಂಥದ್ದೇ ಚರಿತ್ರೆ ಇದೆ. ಲಿನೇಯಸ್ ಅದನ್ನು ವಿಂಕಾ ರೋಸಿಯಾ ಅಂತ ಕರೆದಿದ್ದ. ಆಮೇಲೆ ಅದು ಕ್ಯಾಥರಾಂಥಸ್ ಆಯಿತು. ಆದರೆ ಔಷಧಿಗಳ ಹೆಸರಿನಲ್ಲಿ, ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಅಂತ, ಹಳೆಯ ವಿಂಕಾ ಹಾಗೇ ಕೂತಿದೆ. ಬೀಜದ ಪ್ಯಾಕೆಟ್ಟಿನ ಮೇಲೂ ವಿಂಕಾ ಅಂತಲೇ ಇರುತ್ತದೆ. ಈಗಿನ ವಿಂಕಾ ಯುರೋಪಿನ, ನೆರಳಿನಲ್ಲಿ ನೆಲಕ್ಕೆ ಹಬ್ಬುವ ನೀಲಿ ಹೂವಿನ ಬಳ್ಳಿ. ಮಡಗಾಸ್ಕರ್ ಮೂಲದ ನಿತ್ಯಪುಷ್ಪಕ್ಕೆ ಸುಡುವ ಬಿಸಿಲು ಬೇಕು. ವಿಂಕಾ ನೆರಳಿನ ಗಿಡ ಅಂತ ಓದಿ ನಿತ್ಯಪುಷ್ಪವನ್ನು ಮರದ ಕೆಳಗೆ ನೆಟ್ಟರೆ ಅದು ಕಡ್ಡಿಯಾಗಿ, ಹೂವಿಲ್ಲದೆ ನಿಲ್ಲುತ್ತದೆ.

ಮನಿ ಪ್ಲಾಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬರಿಗೆ ಬಳ್ಳಿ, ಇನ್ನೊಬ್ಬರಿಗೆ ದಪ್ಪ ಎಲೆಯ ಜೇಡ್, ಮತ್ತೊಬ್ಬರಿಗೆ ದುಂಡೆಲೆಯ ಪೀಲಿಯಾ. ಬಳ್ಳಿಯ ಬೊಟಾನಿಕಲ್ ಹೆಸರೂ ಪೋಥೋಸ್, ಸಿಂಡಾಪ್ಸಸ್, ರಾಫಿಡೋಫೋರಾ ಅಂತ ಮನೆ ಬದಲಿಸಿ ಬದಲಿಸಿ ಈಗ ಎಪಿಪ್ರೆಮ್ನಂ ಆಗಿದೆ. ಅದು ಹೂ ಬಿಡುವುದೇ ಬಹಳ ಅಪರೂಪ. ಹೂವು ಕಾಣದೆ ಯಾವ ಗುಂಪು ಅಂತ ಹೇಳಲು ಸಸ್ಯಶಾಸ್ತ್ರದವರಿಗೂ ಕಷ್ಟವೇ. 2017ರಲ್ಲಿ ರೋಸ್ಮರಿಯನ್ನೂ ಸಾಲ್ವಿಯಾ ಅಂತ ಮಾಡಿದರು. ಗೊಣಗಾಡಿದವರು ಬಹಳ, ಅವರಲ್ಲಿ ನಾನೂ ಒಬ್ಬಳು. ಆದರೂ ಒಂದು ಮಾತು ಹೇಳಬೇಕು. ಈ ಹೆಸರು ಬದಲಾದರೆ ಹಳೆಯದು ಎಲ್ಲಿತ್ತು, ಯಾರು ಬದಲಿಸಿದರು ಅಂತ ದಾಖಲೆ ಇರುತ್ತದೆ. ಹಳೆಯ ಹೆಸರು ಹಿಡಿದು ಹೊರಟರೂ ಹೊಸದಕ್ಕೆ ತಲುಪಬಹುದು. ಬ್ರಾಹ್ಮಿ ಹಿಡಿದು ಹೊರಟರೆ ನಾನು ತಲುಪಿದ್ದು ಮೀನಿನ ತೊಟ್ಟಿಗೆ.

"ಅಷ್ಟೆಲ್ಲ ಲ್ಯಾಟಿನ್ ನೆನಪಿಟ್ಟುಕೊಳ್ಳೋಕೆ ನಮಗೆ ಆಗುತ್ತಾ?" ಅಂತ ಇನ್ನೊಬ್ಬರು ಕೇಳಿದರು. ನನಗೂ ಆಗುವುದಿಲ್ಲ. ನಾನು ಮಾಡುವುದು ಇಷ್ಟು. ತಿನ್ನುವ, ಹಚ್ಚುವ, ಮಕ್ಕಳು ಮತ್ತು ಸಾಕುಪ್ರಾಣಿಗಳು ಬಾಯಿ ಹಾಕಬಹುದಾದ ಗಿಡಗಳಿಗೆ ಮಾತ್ರ ಎರಡೂ ಪದ ಬರೆದಿಡುತ್ತೇನೆ. ಬೀಜ ತರಿಸುವಾಗ ಆ ಎರಡು ಪದ ನೋಡಿಯೇ ತರಿಸುತ್ತೇನೆ. ಉಳಿದದ್ದಕ್ಕೆ ಮನೆಯ ಹೆಸರು ಸಾಕು. ಯಾರಾದರೂ ಕಡ್ಡಿ ಕೇಳಿದರೆ ಹೆಸರಿನ ಜೊತೆಗೆ ಒಂದು ಪ್ರಶ್ನೆ ಹಾಕುತ್ತೇನೆ: ಯಾತಕ್ಕೆ ಬೇಕು? ಅದೊಂದು ಪ್ರಶ್ನೆಯನ್ನು ಆ ಹುಡುಗಿಗೆ ಕೇಳಿದ್ದರೆ ಒಂದು ಹಿಡಿ ಒಂದೆಲಗ ಉಳಿಯುತ್ತಿತ್ತು.

ಮಾತು ಮುಗಿಸಿ ಬಾಟಲಿಗಳನ್ನು ಎತ್ತಿಡುತ್ತಿದ್ದಾಗ ಒಬ್ಬ ಅಜ್ಜಿ ಚೀಲದಿಂದ ಒಂದು ರೆಂಬೆ ತೆಗೆದರು. ಗುಲಾಬಿ ಹೂವು, ಅದರಲ್ಲೇ ಒಂದೆರಡು ಹಳದಿ, ಬುಡದಲ್ಲಿ ಕರೀ ಬೀಜ. "ಇದು ಸಂಜೆಮಲ್ಲಿಗೆ ತಾನೇ? ನನ್ನ ಸೊಸೆ ನಾಲ್ಕು ಗಂಟೆ ಹೂವು ಅಂತ ಜಗಳ ಆಡ್ತಾಳೆ." ಪಕ್ಕದಲ್ಲಿದ್ದವರು ಬೀಜ ನೋಡಿ, ಕಾಳುಮೆಣಸಿನ ಹೂವು ಅಂದರು. ಬೀಜ ನಿಜಕ್ಕೂ ಕಾಳುಮೆಣಸಿನ ಹಾಗೇ, ಕಪ್ಪಗೆ, ಸುಕ್ಕು ಸುಕ್ಕಾಗಿತ್ತು. ಬಾಯಿಗೆ ಹಾಕುವಂಥದ್ದಲ್ಲ. ಮೂವರೂ ಹೇಳಿದ್ದು ಒಂದೇ ಗಿಡ. ಒಬ್ಬರು ಪರಿಮಳ ನೋಡಿದ್ದರು, ಒಬ್ಬರು ಗಡಿಯಾರ, ಒಬ್ಬರು ಬೀಜ. ನನ್ನ ಚೀಟಿಯಲ್ಲಿ ಮಿರಾಬಿಲಿಸ್ ಜಲಾಪಾ ಅಂತ ಬರೆದು, ಕೆಳಗೆ ಮೂರು ಹೆಸರನ್ನೂ ಬರೆದೆ. ಅಜ್ಜಿ ಚೀಟಿ ಓದಿ, ಮೊದಲ ಸಾಲನ್ನು ಬೆರಳಿನಿಂದ ಮುಚ್ಚಿ, "ಸೊಸೆಗೆ ಇಷ್ಟು ತೋರಿಸಿದರೆ ಸಾಕು" ಅಂದರು.